ಕುದುರೆ ಲಾಯದಲ್ಲಿ ತೆರೆದ ಶಾಲೆ: ಸಂತ ಮೇರಿ ಮೆಕಿಲಪ್

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಿಂದ ಸುಮಾರು 390 ಕಿ.ಮೀ. ದೂರದಲ್ಲಿ ಪೆನೋಲ ಎಂಬ ಪುಟ್ಟ ಊರಿದೆ. ಸ್ಕಾಟ್ಲೆಂಡಿನಿಂದ ವಲಸೆ ಬಂದಿದ್ದ ಅಲೆಕ್ಸಾಂಡರ್ ಕ್ಯಾಮರಾನ್ 1850ರಲ್ಲಿ ತಮ್ಮ ಜಮೀನಿನಲ್ಲೇ ಈ ಊರನ್ನು ಕಟ್ಟಿದರು. ಹತ್ತು ವರ್ಷಗಳ ನಂತರ ಅವರ ಮಕ್ಕಳಿಗೆ ಪಾಠ ಹೇಳಲು ಮೆಲ್ಬೋರ್ನಿನಿಂದ ಹದಿನೆಂಟರ ಹುಡುಗಿಯೊಬ್ಬಳು ಬಂದಳು. ಕ್ಯಾಮರಾನರ ಪತ್ನಿ ಆಕೆಗೆ ಸೋದರತ್ತೆ. ಆ ಹುಡುಗಿಯೇ ಮೇರಿ ಮೆಕಿಲಪ್.

ಎಂಟು ಮಕ್ಕಳಲ್ಲಿ ಮೇರಿಯೇ ಹಿರಿಯಳು. ತಂದೆಗೆ ಯಾವ ಕೆಲಸವೂ ಕೈಹಿಡಿಯಲಿಲ್ಲ. ಆದ್ದರಿಂದ ಸಂಸಾರದ ಭಾರ ಎಳೆಯ ವಯಸ್ಸಿನಲ್ಲೇ ಆಕೆಯ ಹೆಗಲೇರಿತ್ತು. ಪೆನೋಲದಲ್ಲಿ ಆಕೆ ಅತ್ತೆಯ ಮಕ್ಕಳ ಜೊತೆಗೆ ಜಮೀನಿನಲ್ಲಿದ್ದ ಬಡವರ ಮಕ್ಕಳನ್ನೂ ಕೂರಿಸಿಕೊಂಡು ಅಕ್ಷರ ಕಲಿಸಿದಳು. ಆಗ ಅಲ್ಲಿನ ಧರ್ಮಕೇಂದ್ರದ ಗುರುಗಳಾಗಿದ್ದವರು ಫಾದರ್ ಜೂಲಿಯನ್ ಟೆನಿಸನ್ ವುಡ್ಸ್. ಅವರ ಧರ್ಮಕೇಂದ್ರದ ವಿಸ್ತಾರ ಸುಮಾರು 56,000 ಚದರ ಕಿ.ಮೀ.! ಕುದುರೆಯೇರಿ ಸುತ್ತುತ್ತಿದ್ದ ಅವರಿಗೆ ಎಲ್ಲೆಲ್ಲೂ ಕಂಡದ್ದು ಶಾಲೆಯೂ ಇಲ್ಲದ, ಧರ್ಮೋಪದೇಶವೂ ಇಲ್ಲದ ಮಕ್ಕಳು.

1866ರಲ್ಲಿ ಮೇರಿ ಇಬ್ಬರು ತಂಗಿಯರೊಂದಿಗೆ ಪೆನೋಲದ ಪಾಳುಬಿದ್ದ ಕುದುರೆ ಲಾಯದಲ್ಲಿ ಶಾಲೆ ತೆರೆದರು. ತಮ್ಮ ಜಾನ್ ಅದನ್ನು ರಿಪೇರಿ ಮಾಡಿಕೊಟ್ಟ. ಶುಲ್ಕ ಕೊಡಲಾಗದವರ ಮಕ್ಕಳಿಗೂ ಅಲ್ಲಿ ಪ್ರವೇಶವಿತ್ತು. ಆ ವರ್ಷದ ಮಾರ್ಚ್ 19, ಸಂತ ಜೋಸೆಫರ ಹಬ್ಬದಂದು ಮೇರಿ ಸಾದಾ ಕಪ್ಪು ಉಡುಪು ತೊಟ್ಟರು. ಸಂತ ಜೋಸೆಫರ ಸಿಸ್ಟರುಗಳ ಸಭೆ ಆರಂಭವಾದದ್ದು ಹೀಗೆ.

ಈ ಸಿಸ್ಟರುಗಳು ದೊಡ್ಡ ಕಾನ್ವೆಂಟುಗಳಲ್ಲಿ ಇರಲಿಲ್ಲ. ಇಬ್ಬರು ಮೂವರಾಗಿ ಹಳ್ಳಿಯ ಚಿಕ್ಕ ಮನೆಗಳಲ್ಲಿ, ಜನರ ನಡುವೆಯೇ ವಾಸಿಸಿದರು. ತಮ್ಮೊಳಗಿನ ಒಬ್ಬ ಹಿರಿಯ ಸಿಸ್ಟರ್ ಇಡೀ ಸಭೆಯನ್ನು ನಡೆಸಬೇಕು, ಆಯಾ ಧರ್ಮಾಧ್ಯಕ್ಷರಲ್ಲ ಎಂಬುದು ಅವರ ನಿಯಮ. ತೊಂದರೆ ಹುಟ್ಟಿದ್ದು ಇಲ್ಲಿಯೇ. ಕೆಲವು ಗುರುಗಳ ಅಸಮಾಧಾನವೂ ಅದಕ್ಕೆ ಸೇರಿತು. 1871ರ ಸೆಪ್ಟೆಂಬರ್ 22ರಂದು ಅಡಿಲೇಡಿನ ಧರ್ಮಾಧ್ಯಕ್ಷ ಷೀಲ್, ಅವಿಧೇಯತೆಯ ಆರೋಪ ಹೊರಿಸಿ, 29 ವರ್ಷದ ಮೇರಿಯವರನ್ನು ಧರ್ಮಸಭೆಯಿಂದಲೇ ಬಹಿಷ್ಕರಿಸಿದರು. ಹೆಚ್ಚಿನ ಶಾಲೆಗಳು ಮುಚ್ಚಿದವು. ಬೀದಿಗೆ ಬಿದ್ದ ಸಿಸ್ಟರುಗಳಿಗೆ ಬಾಡಿಗೆಯಿಲ್ಲದೆ ಮನೆ ಕೊಟ್ಟವರು ಇಮ್ಯಾನುಯೆಲ್ ಸಾಲಮನ್ ಎಂಬ ಯೆಹೂದ್ಯ ವರ್ತಕರು. ಮೇರಿ ಮಾತ್ರ ಧರ್ಮಾಧ್ಯಕ್ಷರ ಬಗ್ಗೆ ಕೆಟ್ಟ ಮಾತು ಆಡಲಿಲ್ಲ, ಬೇರೆಯವರು ಆಡಲೂ ಬಿಡಲಿಲ್ಲ. ಐದು ತಿಂಗಳ ನಂತರ, ಮರಣಶಯ್ಯೆಯಲ್ಲಿದ್ದ ಷೀಲರೇ ಬಹಿಷ್ಕಾರವನ್ನು ಹಿಂತೆಗೆದುಕೊಂಡರು.

1873ರಲ್ಲಿ ಮೇರಿ ರೋಮಿಗೆ ಹೋಗಿ ಜಗದ್ಗುರು ಒಂಬತ್ತನೇ ಪಿಯುಸರನ್ನು ಕಂಡರು. ಒಬ್ಬರೇ ಮುಖ್ಯಸ್ಥೆ ಎಂಬ ನಿಯಮವನ್ನು ರೋಮ್ ಉಳಿಸಿತು. ಸಭೆಗೆ ಸ್ವಂತ ಆಸ್ತಿಯೇ ಇರಬಾರದೆಂಬ ಕಠಿಣ ಬಡತನದ ನಿಯಮವನ್ನು ಸಡಿಲಿಸಿತು. ಮೂಲ ನಿಯಮವನ್ನು ಬರೆದಿದ್ದ ಫಾದರ್ ವುಡ್ಸ್ ಇದನ್ನು ಸಹಿಸಲಿಲ್ಲ. ಅವರಿಬ್ಬರ ಸ್ನೇಹ ಮುರಿಯಿತು. ಬಹಿಷ್ಕಾರಕ್ಕಿಂತಲೂ ಇದೇ ಮೇರಿಯವರನ್ನು ಹೆಚ್ಚು ನೋಯಿಸಿರಬೇಕು ಎಂದು ನಮಗೆ ತೋರುತ್ತದೆ. 1883ರಲ್ಲಿ ಇನ್ನೊಬ್ಬ ಧರ್ಮಾಧ್ಯಕ್ಷರು ಅವರನ್ನು ಅಡಿಲೇಡಿನಿಂದ ಹೊರಗೆ ಕಳುಹಿಸಿದಾಗಲೂ ಅವರು ಸಿಡ್ನಿಗೆ ಹೋಗಿ ಕೆಲಸ ಮುಂದುವರಿಸಿದರು.

1909ರ ಆಗಸ್ಟ್ 8ರಂದು ಮೇರಿ ಸಿಡ್ನಿಯಲ್ಲಿ ನಿಧನರಾದರು. 1995ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಅವರಿಗೆ ಪುನೀತ ಪದವಿ ನೀಡಿದರು. 2010ರ ಅಕ್ಟೋಬರ್ 17ರಂದು ಅವರು ಆಸ್ಟ್ರೇಲಿಯಾದ ಪ್ರಥಮ ಸಂತರೆಂದು ಘೋಷಿತರಾದರು. ಲಾಯದ ಶಾಲೆಯ ಬದಲಿಗೆ ಫಾದರ್ ವುಡ್ಸ್ ಕಟ್ಟಿಸಿದ, 1867ರಲ್ಲಿ ತೆರೆದ ಕಲ್ಲಿನ ಶಾಲೆ ಪೆನೋಲದಲ್ಲಿ ಈಗಲೂ ನಿಂತಿದೆ. ಮುರಿದ ಆ ಸ್ನೇಹದ ಇಬ್ಬರ ಹೆಸರನ್ನೂ ಅದಕ್ಕೆ ಇಟ್ಟಿದ್ದಾರೆ.