ಶಾಲೆ ಬಿಟ್ಟ ಹುಡುಗನ ಕಲ್ಲಾಟ

ದುರ್ಗದಲ್ಲಿ ಕಲ್ಲಿಗೆ ಬರವಿಲ್ಲ. ಕೋಟೆಯ ಬುಡದಲ್ಲಿ ಬೆಳೆದ ಹುಡುಗರಲ್ಲಿ ಹುಣಸೆ ಮರಕ್ಕೆ ಕಲ್ಲು ಹೊಡೆಯದವರು ಯಾರು? ಹೆಂಚು ಒಡೆದವರುಂಟು, ಮೇಷ್ಟ್ರ ಕೈಲಿ ಒದೆ ತಿಂದವರುಂಟು. ಆದರೆ ಕಲ್ಲು ಹೊಡೆಯುವ ಆಟದಿಂದ ಲೋಕಕ್ಕೆ ಹೊಸ ಆಟವನ್ನೇ ಕೊಟ್ಟ ಹುಡುಗನೊಬ್ಬನಿದ್ದ. ಅವನು ಈ ಕಡೆಯವನಲ್ಲ, ದೂರದ ಕೆನಡಾದವನು. ಹೆಸರು ಜೇಮ್ಸ್ ನೇಸ್ಮಿತ್. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹುಡುಗರು ಎತ್ತರದ ಬಳೆಯೊಳಗೆ ಚೆಂಡು ಹಾಕಿ ಕುಣಿಯುತ್ತಾರಲ್ಲ, ಆ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಅವನ ತಲೆಯಲ್ಲಿ.

ಜೇಮ್ಸ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಒಂಟಾರಿಯೋ ಪ್ರಾಂತ್ಯದ ಆಲ್ಮಾಂಟ್ ಎಂಬ ಸಣ್ಣ ಊರಿನ ಹತ್ತಿರ. ಸ್ಕಾಟ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದು ನೆಲೆಸಿದ ಕುಟುಂಬ. ಹುಡುಗನಿಗೆ 9 ವರ್ಷ ತುಂಬುವ ಹೊತ್ತಿಗೆ, 1870ರಲ್ಲಿ, ಟೈಫಾಯ್ಡ್ ಬಂತು. ಕೆಲವೇ ವಾರಗಳ ಅಂತರದಲ್ಲಿ ಅಪ್ಪನೂ ಹೋದ, ಅಮ್ಮನೂ ಹೋದಳು. ಅಕ್ಕ, ತಮ್ಮ ಮತ್ತು ಅವನು, ಮೂವರೂ ತಬ್ಬಲಿಗಳಾದರು. ಅಜ್ಜಿ ನೋಡಿಕೊಂಡಳು. ಆಮೇಲೆ ಮದುವೆಯಿಲ್ಲದ ಸೋದರಮಾವ ಪೀಟರ್ ಯಂಗ್ ಸಾಕಿದ.

ಮಾವ ಒಳ್ಳೆಯವನೇ, ಆದರೆ ಬಲು ಬಿಗಿ. ಹೊಲದ ಕೆಲಸ, ಕುದುರೆ ಕೆಲಸ, ಸೌದೆ ಕೆಲಸ ಎಲ್ಲವೂ ಹುಡುಗನ ಹೆಗಲಿಗೆ. ತನ್ನ ಕಷ್ಟ ತಾನೇ ಬಿಡಿಸಿಕೊಳ್ಳಬೇಕು ಎಂಬುದು ಆ ಮನೆಯ ಪಾಠ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಂಜಿನ ಮೇಲೆ ಜಾರಾಡಲು ಮಿಕ್ಕ ಹುಡುಗರ ಹತ್ತಿರ ಸ್ಕೇಟ್ಸ್ ಇದ್ದವು, ಇವನ ಹತ್ತಿರ ಇರಲಿಲ್ಲ. ಕೇಳುವುದು ಯಾರನ್ನು? ಹಳೆಯ ಅರಗಳನ್ನು ಮರದ ಪಟ್ಟಿಗೆ ಕೂಡಿಸಿ ತಾನೇ ಒಂದು ಜೊತೆ ಮಾಡಿಕೊಂಡ.

ಶಾಲೆ ಎಂದರೆ ಒಂದೇ ಕೋಣೆ. ಅಲ್ಲಿಗೆ ಹತ್ತಿರದಲ್ಲೇ ಕಮ್ಮಾರನ ಕುಲುಮೆ, ಅದರ ಬಳಿ ಒಂದು ದೊಡ್ಡ ಬಂಡೆ. ಆ ಬಂಡೆಯ ಮೇಲೆ ಒಂದು ಕಲ್ಲು ಇಡುವುದು, ಒಬ್ಬ ಕಾವಲು ನಿಲ್ಲುವುದು, ಉಳಿದವರು ದೂರದಿಂದ ಕಲ್ಲೆಸೆದು ಅದನ್ನು ಕೆಡವುವುದು. ಹೆಚ್ಚುಕಡಿಮೆ ಲಗೋರಿಯ ದಾಯಾದಿ ಅನ್ನಿ. ಕೆಡವಲಾಗದವನು ಓಡಿಹೋಗಿ ತನ್ನ ಕಲ್ಲು ತರಬೇಕು, ಅಷ್ಟರಲ್ಲಿ ಕಾವಲುಗಾರ ಮುಟ್ಟಿದರೆ ಔಟು. ಜೋರಾಗಿ ಬೀಸಿದವನ ಕಲ್ಲು ಎಲ್ಲೋ ದೂರ ಬೀಳುತ್ತಿತ್ತು, ತರುವಷ್ಟರಲ್ಲಿ ಸಿಕ್ಕಿಬೀಳುತ್ತಿದ್ದ. ಕಮಾನಿನ ಹಾಗೆ ಮೆಲ್ಲಗೆ ಮೇಲಕ್ಕೆ ಎಸೆದವನ ಕಲ್ಲು ಬಂಡೆಯ ಪಕ್ಕದಲ್ಲೇ ಬೀಳುತ್ತಿತ್ತು, ಅವನು ಪಾರು. ಬಲಕ್ಕಿಂತ ಗುರಿ ಮೇಲು ಎಂಬುದನ್ನು ಜೇಮ್ಸ್ ಕಲಿತದ್ದು ಅಲ್ಲಿ.

ಪುಸ್ತಕದ ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಆಲ್ಮಾಂಟಿನ ಹೈಸ್ಕೂಲಿಗೆ ಸೇರಿದವನು 15ರ ಸುಮಾರಿಗೆ ಶಾಲೆಗೆ ಕೈಮುಗಿದ. ಕಾಡಿಗೆ ಹೋಗಿ ಮರ ಕಡಿಯುವ ಕೂಲಿಗೆ ನಿಂತ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ನಾಲ್ಕೈದು ವರ್ಷ ಕೊಡಲಿಯೇ ಗತಿಯಾಯಿತು. ಹುಡುಗನ ಓದು ಅಲ್ಲಿಗೆ ಮುಗಿಯಿತು ಎಂದು ಯಾರಾದರೂ ಅಂದುಕೊಳ್ಳಬೇಕಾದದ್ದೇ.

ಮುಗಿಯಲಿಲ್ಲ. 20ರ ಸುಮಾರಿಗೆ ಜೇಮ್ಸ್ ಅದೇ ಹೈಸ್ಕೂಲಿಗೆ ವಾಪಸು ಬಂದ. ಮೀಸೆ ಬಂದ ಆಳು ಚಿಕ್ಕ ಹುಡುಗರ ಜೊತೆ ಬೆಂಚಿನ ಮೇಲೆ ಕೂರುವುದು ಅಂದರೆ ಸುಲಭವೇ? ಕೂತ. ಸುಮಾರು ಎರಡೇ ವರ್ಷದಲ್ಲಿ ಮುಗಿಸಿ, 1883ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರಿದ. ಮನೆಯವರಿಗೆ ಅವನು ಪಾದ್ರಿಯಾಗಲಿ ಎಂಬ ಆಸೆ. ಅವನು ಧರ್ಮಶಾಸ್ತ್ರವನ್ನೂ ಓದಿದ. ಆದರೆ ಕೊನೆಗೆ ಹಿಡಿದದ್ದು ಡ್ರಿಲ್ ಮೇಷ್ಟ್ರ ದಾರಿ.

1891ರ ಚಳಿಗಾಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ಶಾಲೆ. ಹೊರಗೆ ಹಿಮ, ಒಳಗೆ ಕಸರತ್ತು ಮಾಡಿ ಬೇಸತ್ತ 18 ಜನ ತಂಟೆಕೋರ ವಿದ್ಯಾರ್ಥಿಗಳು. ಮೇಲಿನವರು ನೇಸ್ಮಿತ್ ಮೇಷ್ಟ್ರಿಗೆ ಎರಡು ವಾರದ ಗಡುವು ಕೊಟ್ಟರು: ಒಳಗೇ ಆಡುವ ಹೊಸ ಆಟ ಬೇಕು, ಯಾರ ಕೈಕಾಲೂ ಮುರಿಯಬಾರದು. ಮೇಷ್ಟ್ರು ತಲೆ ಕೆಡಿಸಿಕೊಂಡು ಕೂತಾಗ ನೆನಪಾದದ್ದು ಕುಲುಮೆ ಬಳಿಯ ಬಂಡೆ. ಗುರಿಯನ್ನು ಎತ್ತರಕ್ಕೆ ಏರಿಸಿದರೆ ಜೋರಾಗಿ ಬೀಸಿ ಫಲವಿಲ್ಲ, ಮೆಲ್ಲಗೇ ಎಸೆಯಬೇಕು. ಜವಾನನಿಂದ ಪೀಚ್ ಹಣ್ಣಿನ ಎರಡು ಬುಟ್ಟಿ ತರಿಸಿ 10 ಅಡಿ ಎತ್ತರಕ್ಕೆ ಹೊಡೆಸಿದರು. ಒಂಬತ್ತೊಂಬತ್ತು ಜನರ ಎರಡು ತಂಡ, 13 ನಿಯಮ, ಒಂದು ಫುಟ್‌ಬಾಲ್. ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಒಂದು ಗೋಲು!

ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಎಚ್.ಸಿ. ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ದಕ್ಷಿಣದ ಎಷ್ಟೋ ಡ್ರಿಲ್ ಮೇಷ್ಟ್ರುಗಳು ತಯಾರಾದದ್ದು ಅಲ್ಲಿ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿದಾಗ ನೇಸ್ಮಿತ್ ಅಲ್ಲಿದ್ದು ಕಣ್ಣಾರೆ ಕಂಡರು. 1939ರಲ್ಲಿ ತೀರಿಕೊಂಡರು.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ದುರ್ಗದ ಸುತ್ತಲಿನ ಎಷ್ಟೋ ಮನೆಗಳಲ್ಲಿ ಒಂದು ತೀರ್ಮಾನ ಆಗಿಬಿಡುತ್ತದೆ. ಹುಡುಗ ನಪಾಸಾದ, ಅಡಿಕೆ ತೋಟಕ್ಕೋ ಗ್ಯಾರೇಜಿಗೋ ಕಳಿಸಿದರಾಯಿತು ಅಂತ. ಕಳಿಸಬಾರದು ಅಂತೇನಿಲ್ಲ, ದುಡಿಮೆ ಕೆಟ್ಟದ್ದಲ್ಲ. ಆದರೆ ಎರಡು ವರ್ಷ ಬಿಟ್ಟು ಅವನೇ ಪುಸ್ತಕ ಹಿಡಿದು ಮತ್ತೆ ಬಾಗಿಲಲ್ಲಿ ನಿಂತರೆ, ವಯಸ್ಸಾಯಿತು ಎಂದು ನಗಬೇಡಿ. ಆಲ್ಮಾಂಟಿನ ಹೈಸ್ಕೂಲು ಅಂದು ನಕ್ಕು ಕಳಿಸಿದ್ದರೆ ಇಂದು ಯಾವ ಮೈದಾನದಲ್ಲೂ ಆ ಬಳೆ ಇರುತ್ತಿರಲಿಲ್ಲ.