ಪಳವಣಕರ ಬಾಳೂ ಎಂಬ ಚೆಂಡಾಟಗಾರನು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬಯಲುಗಳಲ್ಲಿ ನಮ್ಮ ಹುಡುಗರು ಆಡುವ ಕ್ರಿಕೆಟ್ ಆಟದಲ್ಲಿ ಹೆಸರಾದ ಒಬ್ಬನು ನಮಗೆ ಸಮೀಪದ ಧಾರವಾಡದಲ್ಲಿಯೇ ಹುಟ್ಟಿದನೆಂಬುದನ್ನು ಬಹುಮಂದಿ ಅರಿಯರು. ಅಸ್ಪೃಶ್ಯರೆನಿಸಿದ ಚಮ್ಮಾರ ಕುಲದ ಪಳವಣಕರ ಬಾಳೂ 1876ರಲ್ಲಿ ಜನಿಸಿದನು. ಪುಣೆಯಲ್ಲಿ ಪಾರ್ಸಿಗಳ ಆಟದ ಬಯಲನ್ನು ಗುಡಿಸುವದಕ್ಕೆ ಈತನಿಗೆ ತಿಂಗಳಿಗೆ 3 ರೂಪಾಯಿ ಸಂಬಳವಿತ್ತು. ಬಳಿಕ ಯುರೋಪಿಯನರ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿಯ ದೊರೆಗಳು ತಮ್ಮ ಅಭ್ಯಾಸಕ್ಕಾಗಿ ಈತನಿಂದ ಗಂಟೆಗಟ್ಟಲೆ ಚೆಂಡೆಸೆಯಿಸಿದರು, ದಾಂಡನ್ನು ಮಾತ್ರ ಕೈಗೆ ಕೊಡಲಿಲ್ಲ. ಎಡಗೈಯಿಂದ ಚೆಂಡನ್ನು ತಿರುಗಿಸುವ ವಿದ್ಯೆಯು ಹೀಗೆ ಕರಗತವಾಯಿತು.

ಇದನ್ನು ಕಂಡು ಪುಣೆಯ ಹಿಂದೂಗಳು ಈತನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಆದರೆ ಬಯಲಿನಲ್ಲಿ ಈತನು ಮುಟ್ಟಿದ ಚೆಂಡನ್ನೇ ಮುಟ್ಟಿದವರು, ಚಹದ ಹೊತ್ತಿಗೆ ಈತನನ್ನು ಹೊರಗೆ ನಿಲ್ಲಿಸಿ ಮಣ್ಣಿನ ಬಟ್ಟಲಲ್ಲಿ ಕೊಟ್ಟರು. ಚೆಂಡಿಗೆ ಹತ್ತದ ಮೈಲಿಗೆಯು ಬಟ್ಟಲಿಗೆ ಹೇಗೆ ಹತ್ತಿತೋ ನಾವರಿಯೆವು. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯುರೋಪಿಯನರನ್ನು ಸೋಲಿಸಿದ್ದು ಬಹುಮಟ್ಟಿಗೆ ಈತನ ಚೆಂಡಿನಿಂದಲೇ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೆ ಮೀರಿ ವಿಕೆಟ್‌ಗಳನ್ನು ಪಡೆದನು. ಇಷ್ಟಾದರೂ ತಂಡದ ನಾಯಕತ್ವವನ್ನು ಈತನಿಗೆ ಕೊಡಲೊಲ್ಲದೆ ಹೋದರು. ಅದು 1923ರಲ್ಲಿ ತಮ್ಮನಾದ ವಿಠ್ಠಲನಿಗೆ ದೊರೆಯಿತು, ಆ ವರುಷ ಹಿಂದೂಗಳೇ ಗೆದ್ದರು. 1937ರ ಚುನಾವಣೆಯಲ್ಲಿ ಬಾಳೂ ಡಾಕ್ಟರ್ ಅಂಬೇಡ್ಕರರಿಗೆ ಎದುರಾಗಿ ನಿಂತು ಸೋತನು. 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡನು.