ರೋಗಿಗಳೇ ಬಾರದ ಕಣ್ಣಿನ ಡಾಕ್ಟರ್

ನಮ್ಮ ಪಿ.ಜಿ.ಯಲ್ಲಿ ಹಳೇ ಕಾಲದ ಬ್ರಿಟಿಷ್ ಕ್ರೈಂ ಸೀರಿಯಲ್‌ಗಳ ಹುಚ್ಚು ಯಾರಿಂದ ಶುರುವಾಯಿತೋ! ಕುದುರೆ ಗಾಡಿ, ಗ್ಯಾಸ್ ದೀಪ, ಮಂಜು, ಉದ್ದ ಕೋಟು ಇದ್ದರೆ ಸಾಕು, ರಾತ್ರಿ ಊಟ ಮುಗಿಸಿ ಒಂದು ಲ್ಯಾಪ್‌ಟಾಪಿನ ಮುಂದೆ ಐದು ತಲೆ ಸೇರಿಬಿಡುತ್ತವೆ. ಅದರಲ್ಲಿ ನಮ್ಮನ್ನು ಬೇರೆ ಬೇರೆ ಪಾರ್ಟಿ ಮಾಡಿ ಜಗಳಕ್ಕೆ ಹಚ್ಚಿದ್ದು 2015ರಲ್ಲಿ ಐಟಿವಿಯಲ್ಲಿ ಬಂದ ‘ಆರ್ಥರ್ ಆ್ಯಂಡ್ ಜಾರ್ಜ್’. ಇರುವುದೇ ಮೂರು ಕಂತು. ಜೂಲಿಯನ್ ಬಾರ್ನ್ಸ್ 2005ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ತಾನೇ ಪತ್ತೇದಾರನಾಗಿ ಬೀದಿಗಿಳಿದ ಒಂದು ನಿಜವಾದ ಕೇಸಿನ ಕಥೆ.

ರೂಮ್‌ಮೇಟ್‌ಗೆ ಅದು ನಿಧಾನ ಅನ್ನಿಸಿತು. ಹೋಮ್ಸ್ ಸೀರಿಯಲ್‌ನ ಚುರುಕು ಇದರಲ್ಲಿಲ್ಲ ಅಂತ ಮೊದಲ ಕಂತಿಗೇ ಎದ್ದು ಹೋದ. ಡಾಯ್ಲ್ ಪಾತ್ರದ ಮಾರ್ಟಿನ್ ಕ್ಲೂನ್ಸ್ ಅಭಿನಯವನ್ನು ಎಲ್ಲರೂ ಮೆಚ್ಚಿದೆವು. ಆದರೆ ಲಾ ಓದುತ್ತಿರುವ ಗೆಳತಿಗೆ ಸಿಟ್ಟು ಬಂದಿತ್ತು. ಕೇಸ್ ಗೆದ್ದದ್ದು ಕಾಗದಪತ್ರ ಮತ್ತು ಪತ್ರಿಕೆಯಿಂದ, ಇಲ್ಲಿ ಬರೀ ಸಾಹಸ ತುಂಬಿದ್ದಾರೆ ಎಂಬುದು ಅವಳ ತಕರಾರು. ಇನ್ನೊಬ್ಬನ ಪ್ರಶ್ನೆ ಬೇರೆ: ಜೈಲಿಗೆ ಹೋದವನು ಜಾರ್ಜ್, ನೋವು ತಿಂದವನೂ ಅವನೇ, ಆದರೆ ಆರ್ಷರ್ ಅಲಿ ಮಾಡಿದ ಆ ಪಾತ್ರ ಯಾಕೆ ಯಾವಾಗಲೂ ಬದಿಗೆ ನಿಂತಿರುತ್ತದೆ? ನನ್ನ ತಕರಾರು ಇವೆರಡೂ ಅಲ್ಲ. ಸೀರಿಯಲ್ ಶುರುವಾಗುವ ಹೊತ್ತಿಗೆ ಡಾಯ್ಲ್ ‘ಸರ್’ ಆಗಿದ್ದಾನೆ, ಹಣವಂತ, ಸೆಕ್ರೆಟರಿ ಇಟ್ಟುಕೊಂಡವನು. ಆದರೆ ಜಾರ್ಜ್‌ನನ್ನು ಕಂಡ ಕ್ಷಣದಲ್ಲೇ ಅವನಿಗೆ ಹೊಳೆದದ್ದು ಯಾಕೆ ಹೊಳೆಯಿತು ಅಂತ ತಿಳಿಯಬೇಕಾದರೆ ಅವನ ಇಪ್ಪತ್ತು, ಮೂವತ್ತರ ವಯಸ್ಸು ನೋಡಬೇಕು. ಅಂದರೆ ನಮ್ಮ ನಿಮ್ಮ ವಯಸ್ಸು.

ಹುಟ್ಟಿದ್ದು 1859ರ ಮೇ 22ರಂದು, ಎಡಿನ್‌ಬರೋದಲ್ಲಿ. ಅಪ್ಪ ಚಾರ್ಲ್ಸ್ ಒಳ್ಳೆಯ ಚಿತ್ರಕಾರ, ಸರ್ಕಾರಿ ಕೆಲಸವೂ ಇತ್ತು. ಕುಡಿತ ಎರಡನ್ನೂ ತಿಂದು ಹಾಕಿತು. ಕೊನೆಗೆ ಆತನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಕ್ಕಳ ದಂಡು ಸಾಕಿದ್ದು ಅಮ್ಮ ಮೇರಿ. ಆರ್ಥರ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಲೇ ಬೇರೆ ಡಾಕ್ಟರ್‌ಗಳ ಹತ್ತಿರ ಸಹಾಯಕನಾಗಿ ದುಡಿದ. 1880ರಲ್ಲಿ ಓದು ಮುಗಿಯುವ ಮೊದಲೇ ‘ಹೋಪ್’ ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಡಾಕ್ಟರಾಗಿ ಆರ್ಕ್ಟಿಕ್‌ಗೆ ಹೋಗಿಬಂದ. ಹಿಮನೀರಿಗೆ ಹಲವು ಸಲ ಬಿದ್ದೆದ್ದು, ದುಡಿದ ಚಿನ್ನದ ನಾಣ್ಯಗಳನ್ನು ಜೇಬುಜೇಬಿನಲ್ಲಿ ಬಚ್ಚಿಟ್ಟುಕೊಂಡು ಮನೆಗೆ ಬಂದನಂತೆ, ಅಮ್ಮ ಹುಡುಕಿ ತೆಗೆದು ಖುಷಿಪಡಲಿ ಎಂದು. ಅದೇ ವಿಶ್ವವಿದ್ಯಾಲಯದಲ್ಲಿ ಸರ್ಜನ್ ಜೋಸೆಫ್ ಬೆಲ್ ಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ಬರುವ ರೋಗಿಯ ನಡಿಗೆ, ಬಟ್ಟೆ, ಕೈ ನೋಡಿಯೇ ಆತನ ಕಸುಬು ಹೇಳಿಬಿಡುತ್ತಿದ್ದರು. ಹೋಮ್ಸ್ ಹುಟ್ಟಿದ್ದು ಆ ಮೇಷ್ಟ್ರಿಂದ.

1882ರಲ್ಲಿ ಹತ್ತು ಪೌಂಡೂ ಇಲ್ಲದ ಜೇಬಿನೊಂದಿಗೆ ಪೋರ್ಟ್ಸ್‌ಮತ್‌ನ ಸೌತ್‌ಸೀಗೆ ಬಂದು ಬೋರ್ಡು ಹಾಕಿದ. ರೋಗಿಗಳು ಕೂರುವ ಮುಂದಿನ ಕೋಣೆಗೆ ಮಾತ್ರ ಮೇಜು ಕುರ್ಚಿ. ಒಳಮನೆ ಖಾಲಿ. ಕೆಲಸದವರಿಲ್ಲ ಅಂತ ಬೀದಿಗೆ ಗೊತ್ತಾಗಬಾರದಲ್ಲ, ಹಿತ್ತಾಳೆಯ ಬೋರ್ಡನ್ನು ಕತ್ತಲಾದ ಮೇಲೆ ತಾನೇ ಉಜ್ಜುತ್ತಿದ್ದ. ಬಾಗಿಲು ತೆಗೆದು ರೋಗಿಗಳನ್ನು ಒಳಗೆ ಕರೆಯಲು ಪುಟ್ಟ ತಮ್ಮ ಇನ್ನೆಸ್‌ನನ್ನು ಕರೆಸಿಕೊಂಡ. ಮೊದಲ ವರ್ಷದ ಗಳಿಕೆ 154 ಪೌಂಡ್. ತೆರಿಗೆ ಕಟ್ಟುವಷ್ಟು ಆದಾಯವಿಲ್ಲ ಎಂದು ಫಾರಂ ತುಂಬಿ ಕಳಿಸಿದರೆ, ಇದು ತೃಪ್ತಿಕರವಾಗಿಲ್ಲ ಎಂದು ಇಲಾಖೆ ವಾಪಸ್ ಮಾಡಿತು. ತನ್ನ ಅಭಿಪ್ರಾಯವೂ ಅದೇ ಎಂದು ಬರೆದು ಡಾಯ್ಲ್ ಮತ್ತೆ ಅದನ್ನೇ ಕಳಿಸಿದ! ಈ ಪ್ರಸಂಗ ನನಗೆ ಹೋಮ್ಸ್‌ನ ಎಷ್ಟೋ ಕಥೆಗಳಿಗಿಂತ ಇಷ್ಟ.

ರೋಗಿಗಳಿಲ್ಲದ ಬಿಡುವಿನಲ್ಲಿ ಬರವಣಿಗೆ. 1886ರಲ್ಲಿ ಬರೆದ ಮೊದಲ ಹೋಮ್ಸ್ ಕಾದಂಬರಿ ಪ್ರಕಾಶಕರಿಂದ ವಾಪಸ್ ಬರುತ್ತಲೇ ಇತ್ತು. ಕೊನೆಗೆ ಒಬ್ಬರು ಎಲ್ಲ ಹಕ್ಕನ್ನೂ ಸೇರಿಸಿ 25 ಪೌಂಡಿಗೆ ಕೊಂಡರು. 1887ರಲ್ಲಿ ಅದು ಕ್ರಿಸ್‌ಮಸ್ ವಿಶೇಷಾಂಕವೊಂದರಲ್ಲಿ ಬಂತು. ಹೋಮ್ಸ್ ಹುಟ್ಟಿದ ಕಥೆಯಿಂದ ಅವನ ಅಪ್ಪನಿಗೆ ಸಿಕ್ಕಿದ್ದು ಅಷ್ಟೇ.

ಪೋರ್ಟ್ಸ್‌ಮತ್‌ನ ಕಣ್ಣಿನ ಆಸ್ಪತ್ರೆಗೆ ಹೋಗಿ ಜನರ ದೃಷ್ಟಿ ಅಳೆದು ಕನ್ನಡಕ ಬರೆದುಕೊಡುವ ಅಭ್ಯಾಸ ಡಾಯ್ಲ್‌ಗೆ ಇತ್ತು. ಕಣ್ಣಿನ ಸ್ಪೆಷಲಿಸ್ಟ್ ಆದರೆ ಬದುಕು ದಡ ಸೇರೀತು ಅಂದುಕೊಂಡು ವಿಯೆನ್ನಾಗೆ ಹೋದ. ಅಲ್ಲಿ ಪಾಠವೆಲ್ಲ ಜರ್ಮನ್‌ನಲ್ಲಿ, ಅರ್ಥವಾದದ್ದು ಕಡಿಮೆ. 1891ರಲ್ಲಿ ಲಂಡನ್‌ನ ಅಪ್ಪರ್ ವಿಂಪೋಲ್ ಸ್ಟ್ರೀಟ್‌ನಲ್ಲಿ ಬಾಡಿಗೆಗೆ ಜಾಗ ಹಿಡಿದ. ದಿನಾ ಬೆಳಿಗ್ಗೆ ಹೋಗಿ ಕೂರುವುದು, ಸಂಜೆ ಎದ್ದು ಬರುವುದು. ಅವನೇ ಹೇಳಿಕೊಂಡಂತೆ ಒಬ್ಬನೇ ಒಬ್ಬ ರೋಗಿ ಬಾಗಿಲು ದಾಟಲಿಲ್ಲ. ಆ ಖಾಲಿ ಕೋಣೆಯಲ್ಲಿ ಕೂತು ಹೋಮ್ಸ್‌ನ ಸಣ್ಣ ಕಥೆಗಳನ್ನು ಬರೆದ. ಅದೇ ವರ್ಷ ಜುಲೈಯಿಂದ ‘ಸ್ಟ್ರ್ಯಾಂಡ್’ ಮ್ಯಾಗಜಿನ್‌ನಲ್ಲಿ ಅವು ಬರತೊಡಗಿದವು. ಡಾಕ್ಟರಿಕೆಗೆ ಅಲ್ಲಿಗೆ ಕೈಮುಗಿದ. ಮುಂದಿನದು ಎಲ್ಲರಿಗೂ ಗೊತ್ತು: ಹಣ, ಹೆಸರು, 1893ರಲ್ಲಿ ಹೋಮ್ಸ್‌ನನ್ನು ಜಲಪಾತದಲ್ಲಿ ಮುಗಿಸಿದ್ದು, ಓದುಗರ ಗಲಾಟೆ, ಹತ್ತು ವರ್ಷದ ನಂತರ ಅವನನ್ನು ಬದುಕಿಸಿದ್ದು, ನಡುವೆ ಬೋಯರ್ ಯುದ್ಧದ ಆಸ್ಪತ್ರೆಯಲ್ಲಿ ದುಡಿದು ಬಂದದ್ದು, 1902ರಲ್ಲಿ ‘ಸರ್’ ಪದವಿ.

1906ರ ಜುಲೈನಲ್ಲಿ ಹೆಂಡತಿ ಲೂಯಿಸಾ ತೀರಿಕೊಂಡಳು. ಕ್ಷಯ ಅವಳನ್ನು ವರ್ಷಗಟ್ಟಲೆ ಹಿಂಡಿತ್ತು. ಆಗಲೇ ಜೀನ್ ಲೆಕಿ ಎಂಬವಳ ಮೇಲೆ ಡಾಯ್ಲ್‌ಗೆ ಮನಸ್ಸಾಗಿತ್ತು. ಹೆಂಡತಿ ಇರುವ ತನಕ ಗೆರೆ ದಾಟಲಿಲ್ಲ ಎನ್ನುತ್ತಾರೆ, ಆದರೂ ಅಪರಾಧಿ ಭಾವ ಬಿಡಲಿಲ್ಲ. ಬರೆಯಲಾಗದೆ ಕೂತಿದ್ದ ಆ ದಿನಗಳಲ್ಲಿ ಕಣ್ಣಿಗೆ ಬಿದ್ದದ್ದು ಜಾರ್ಜ್ ಎಡಲ್ಜಿ ತನ್ನ ಕೇಸಿನ ಬಗ್ಗೆ ಪತ್ರಿಕೆಯೊಂದರಲ್ಲಿ ಬರೆದುಕೊಂಡ ಲೇಖನ.

ಜಾರ್ಜ್ ಹುಟ್ಟಿದ್ದು 1876ರಲ್ಲಿ. ಅಪ್ಪ ಶಾಪುರ್ಜಿ ಮುಂಬೈನ ಪಾರ್ಸಿ, ಕ್ರೈಸ್ತನಾಗಿ ಸ್ಟ್ಯಾಫರ್ಡ್‌ಶೈರ್‌ನ ಗ್ರೇಟ್ ವೈರ್ಲಿ ಎಂಬ ಗಣಿ ಊರಿನ ಚರ್ಚಿಗೆ ಪಾದ್ರಿಯಾಗಿದ್ದವನು. ಅಮ್ಮ ಶಾರ್ಲೆಟ್ ಇಂಗ್ಲಿಷ್ ಹೆಣ್ಣುಮಗಳು. ಆ ಕಾಲದ ಹಳ್ಳಿಗೆ ಈ ಸಂಸಾರ ಹೇಗೆ ಕಂಡಿರಬಹುದು ಊಹಿಸಿ. ವರ್ಷಗಟ್ಟಲೆ ಮನೆಗೆ ಹೆಸರಿಲ್ಲದ ಹೊಲಸು ಪತ್ರಗಳು ಬಂದವು. ದೂರು ಕೊಟ್ಟರೆ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಆನ್ಸನ್ ಶಂಕಿಸಿದ್ದು ಮನೆಯ ಹುಡುಗನನ್ನೇ. ಹುಡುಗ ಮಾತ್ರ ತಲೆ ತಗ್ಗಿಸಿ ಓದಿದ, ಸಾಲಿಸಿಟರ್ ಆದ, ಬರ್ಮಿಂಗ್‌ಹ್ಯಾಮ್‌ನಲ್ಲಿ ಆಫೀಸು ತೆರೆದ. 1901ರಲ್ಲಿ ರೈಲು ಪ್ರಯಾಣಿಕರಿಗಾಗಿ ರೈಲ್ವೆ ಕಾನೂನಿನ ಪುಸ್ತಕವನ್ನೂ ಬರೆದ.

1903ರಲ್ಲಿ ಆ ಊರಲ್ಲಿ ರಾತ್ರೋರಾತ್ರಿ ಕುದುರೆ, ದನ, ಕುರಿಗಳ ಹೊಟ್ಟೆ ಸೀಳುವ ಘಟನೆಗಳು ಶುರುವಾದವು. ಆಗಸ್ಟ್‌ನಲ್ಲಿ ಗಣಿಯ ತಟ್ಟು ಕುದುರೆಯೊಂದು ಹಾಗೆ ಗಾಯಗೊಂಡು ಬಿದ್ದಿದ್ದಾಗ ಪೊಲೀಸರು ನೇರ ಪಾದ್ರಿ ಮನೆಗೆ ಬಂದರು. ಆ ರಾತ್ರಿ ಮಗ ತನ್ನ ಜತೆ ಒಂದೇ ಕೋಣೆಯಲ್ಲಿ ಮಲಗಿದ್ದ, ಬಾಗಿಲು ಒಳಗಿಂದ ಹಾಕಿತ್ತು ಎಂದು ಅಪ್ಪ ಹೇಳಿದರೂ ಕೇಳುವವರಿಲ್ಲ. ಪೊಲೀಸರು ಒಯ್ದ ಕೋಟಿನ ಮೇಲೆ ಕುದುರೆ ಕೂದಲು ಸಿಕ್ಕವು. ಅಕ್ಷರ ಗುರುತಿಸುವ ತಜ್ಞ, ಪತ್ರಗಳು ಜಾರ್ಜ್‌ನ ಕೈಬರಹವೇ ಎಂದ. ಅಕ್ಟೋಬರ್‌ನಲ್ಲಿ ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಅವನು ಒಳಗಿದ್ದಾಗಲೂ ಹೊರಗೆ ಪ್ರಾಣಿಗಳ ಹೊಟ್ಟೆ ಸೀಳುವುದು ನಿಲ್ಲಲಿಲ್ಲ. ಹತ್ತು ಸಾವಿರ ಜನ ಸಹಿ ಹಾಕಿ ಅರ್ಜಿ ಕೊಟ್ಟರು. ಮೂರು ವರ್ಷದ ನಂತರ, 1906ರ ಅಕ್ಟೋಬರ್‌ನಲ್ಲಿ, ಕಾರಣವನ್ನೂ ಹೇಳದೆ ಬಿಟ್ಟರು. ನಿರಪರಾಧಿ ಅಂತ ಹೇಳಲಿಲ್ಲ, ಕ್ಷಮೆಯೂ ಇಲ್ಲ. ವಕೀಲಿ ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದರು. ಮೂವತ್ತು ವರ್ಷದ ಗಂಡು, ಕೈಯಲ್ಲಿ ಡಿಗ್ರಿ, ಮಾಡುವಂತಿಲ್ಲದ ಕೆಲಸ. ಪೊಲೀಸ್ ವೆರಿಫಿಕೇಷನ್ ಎಂಬ ಮಾತು ಕೇಳಿದರೇ ಎದೆ ಢವಗುಟ್ಟುವ ನಮ್ಮಂಥವರಿಗೆ ಈ ಜಾಗ ಬಿಡಿಸಿ ಹೇಳಬೇಕಿಲ್ಲ.

1907ರ ಜನವರಿ. ಲಂಡನ್‌ನ ಚೇರಿಂಗ್ ಕ್ರಾಸ್‌ನ ಗ್ರ್ಯಾಂಡ್ ಹೋಟೆಲ್‌ನಲ್ಲಿ ಭೇಟಿ ಗೊತ್ತಾಗಿತ್ತು. ಡಾಯ್ಲ್ ಬರುವುದು ತುಸು ತಡವಾಯಿತು. ಜಾರ್ಜ್ ಪೇಪರ್ ಓದುತ್ತಾ ಕೂತಿದ್ದ. ಪೇಪರ್ ಮೂಗಿಗೆ ತಾಗುವಷ್ಟು ಹತ್ತಿರ, ಅದೂ ಸ್ವಲ್ಪ ಓರೆಯಾಗಿ. ಮಾತಾಡಿಸುವ ಮೊದಲೇ ಡಾಯ್ಲ್‌ಗೆ ವಿಷಯ ತಿಳಿಯಿತು. ವಿಪರೀತ ಸಮೀಪದೃಷ್ಟಿ, ಜತೆಗೆ ಅಸ್ಟಿಗ್ಮ್ಯಾಟಿಸಂ. ಇಂಥ ಕಣ್ಣಿನವನು ಕಗ್ಗತ್ತಲಲ್ಲಿ ರೈಲು ಹಳಿ ದಾಟಿ, ಬೇಲಿ ಹಾದು, ಹೊಲ ಹುಡುಕಿ, ಕುದುರೆ ಸೀಳಿ, ಪೊಲೀಸರ ಕಣ್ಣು ತಪ್ಪಿಸಿ ಹಿಂದೆ ಬರುವುದೆಂದರೇನು! ಕಣ್ಣಿನ ಡಾಕ್ಟರ್ ಬಳಿ ಕಳಿಸಿ ಪರೀಕ್ಷೆ ಮಾಡಿಸಿದಾಗಲೂ ಅದೇ ಬಂತು. ವಿಂಪೋಲ್ ಸ್ಟ್ರೀಟ್‌ನಲ್ಲಿ ಒಬ್ಬರಿಗೂ ಬೇಡವಾಗಿದ್ದ ಆ ವಿದ್ಯೆ ಹದಿನಾರು ವರ್ಷದ ನಂತರ ಒಬ್ಬನ ಕೆಲಸಕ್ಕೆ ಬಂತು. ಸೀರಿಯಲ್‌ನಲ್ಲಿ ಇದು ಹೋಮ್ಸ್ ಮಾದರಿಯ ಚಮತ್ಕಾರದಂತೆ ಬಂದು ಹೋಗುತ್ತದೆ. ನನಗೆ ಹಾಗೆ ಕಾಣುವುದಿಲ್ಲ.

ಜನವರಿ 11 ಮತ್ತು 12ರಂದು ‘ಡೈಲಿ ಟೆಲಿಗ್ರಾಫ್’ನಲ್ಲಿ ಡಾಯ್ಲ್ ಲೇಖನ ಬಂತು. ಯಾರು ಬೇಕಾದರೂ ಮರುಮುದ್ರಿಸಬಹುದು, ಹಕ್ಕು ಕಾಯ್ದಿರಿಸಿಲ್ಲ ಎಂದು ತಿಳಿಸಿಬಿಟ್ಟ. 25 ಪೌಂಡಿಗೆ ಎಲ್ಲ ಹಕ್ಕು ಕಳೆದುಕೊಂಡು ಸಿಟ್ಟಾಗಿದ್ದವನು ಇವನೇ ತಾನೆ! ಸುದ್ದಿ ಎಲ್ಲೆಡೆ ಹರಡಿತು. ಸರ್ಕಾರ ಮೂವರ ಸಮಿತಿ ಮಾಡಿತು. ಅದರಲ್ಲಿ ಒಬ್ಬರು ಅದೇ ಆನ್ಸನ್‌ಗೆ ಸಂಬಂಧಿ! ಮೇನಲ್ಲಿ ಬಂದ ತೀರ್ಮಾನ ಅರ್ಧಂಬರ್ಧ: ಕುದುರೆ ಸೀಳಿದವನು ಜಾರ್ಜ್ ಅಲ್ಲ, ಆದ್ದರಿಂದ ಕ್ಷಮೆ, ಪತ್ರ ಬರೆದವನು ಮಾತ್ರ ಅವನೇ, ಆದ್ದರಿಂದ ಪರಿಹಾರವಿಲ್ಲ. ಪತ್ರಿಕೆಯ ಓದುಗರು ಸುಮಾರು 300 ಪೌಂಡ್ ಕೂಡಿಸಿ ಕೊಟ್ಟರು. ಜಾರ್ಜ್ ಅದರಲ್ಲಿ ಮೊದಲು ತೀರಿಸಿದ್ದು ತನ್ನ ಕೇಸಿಗೆ ಹಣ ಕೊಟ್ಟಿದ್ದ ವಯಸ್ಸಾದ ಚಿಕ್ಕಮ್ಮನ ಸಾಲ. ಆ ವರ್ಷವೇ ವಕೀಲಿ ಪಟ್ಟಿಗೆ ಅವನ ಹೆಸರು ಮತ್ತೆ ಸೇರಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ಕೋರ್ಟ್ ಸ್ಥಾಪಿಸುವ ಕಾಯ್ದೆ ಬಂತು. ಅಡಾಲ್ಫ್ ಬೆಕ್ ಎಂಬವನ ಕೇಸಿನ ಜತೆ ಈ ಗದ್ದಲವೂ ಅದಕ್ಕೊಂದು ಕಾರಣ. ನನ್ನ ಲಾ ಗೆಳತಿಗೆ ಸೀರಿಯಲ್ ಮೇಲಿನ ಕೋಪವೆಲ್ಲ ಇಲ್ಲೇ.

ಡಾಯ್ಲ್‌ನನ್ನು ದೇವರು ಮಾಡುವುದು ಬೇಡ. ನಿಜವಾದ ಅಪರಾಧಿ ಇವನೇ ಎಂದು ಆ ಊರಿನ ಇನ್ನೊಬ್ಬನ ಕಡೆ ಬೆರಳು ತೋರಿಸಿದ. ಸಾಕ್ಷ್ಯ ತೆಳು, ಸರ್ಕಾರ ಒಪ್ಪಲಿಲ್ಲ. ಪೊಲೀಸರು ಜಾರ್ಜ್‌ಗೆ ಮಾಡಿದ್ದನ್ನೇ ಇವನು ಮತ್ತೊಬ್ಬನಿಗೆ ಮಾಡಲು ಹೊರಟಿದ್ದ ಎಂಬುದು ನನ್ನ ಅನಿಸಿಕೆ. ಮುಂದೆ ಇಬ್ಬರು ಹುಡುಗಿಯರು ತೆಗೆದ ಫೋಟೊ ನಂಬಿ ಕಿನ್ನರಿಯರು ಇದ್ದಾರೆ ಎಂದು 1922ರಲ್ಲಿ ಪುಸ್ತಕವನ್ನೇ ಬರೆದ. ಸತ್ತವರ ಜತೆ ಮಾತಾಡಬಹುದು ಎಂದು ಊರೂರು ಸುತ್ತಿ ಭಾಷಣ ಮಾಡಿದ. ಅದೇ ಮನುಷ್ಯ ಗ್ಲಾಸ್ಗೋದಲ್ಲಿ ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದಿದ್ದ ಆಸ್ಕರ್ ಸ್ಲೇಟರ್ ಪರ 1912ರಲ್ಲಿ ಪುಸ್ತಿಕೆ ಬರೆದು, 1928ರಲ್ಲಿ ಶಿಕ್ಷೆ ರದ್ದಾಗುವ ತನಕ ಬಿಡಲಿಲ್ಲ. ಆಮೇಲೆ ಖರ್ಚಿನ ವಿಷಯಕ್ಕೆ ಇಬ್ಬರೂ ಜಗಳ ಆಡಿಕೊಂಡರು. ಡಾಯ್ಲ್ ತೀರಿಕೊಂಡದ್ದು 1930ರ ಜುಲೈ 7ರಂದು.

ಜಾರ್ಜ್ ಜತೆ ಮಾತ್ರ ಜಗಳವಾಗಲಿಲ್ಲ. 1907ರ ಸೆಪ್ಟೆಂಬರ್‌ನಲ್ಲಿ ಡಾಯ್ಲ್ ಮತ್ತು ಜೀನ್ ಮದುವೆಯಾದಾಗ ಕರೆದ ಅತಿಥಿಗಳಲ್ಲಿ ಆತನೂ ಒಬ್ಬ. ಮುಂದೆ ಲಂಡನ್‌ನಲ್ಲಿ ವಕೀಲಿ ಮಾಡಿಕೊಂಡು, ಕೊನೆಗಾಲದಲ್ಲಿ ತಂಗಿ ಮಾಡ್ ಜತೆ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿದ್ದು, 1953ರಲ್ಲಿ ತೀರಿಕೊಂಡ. ಆ ಮೂರು ವರ್ಷದ ಜೈಲಿಗೆ ಸರ್ಕಾರ ಅವನಿಗೆ ಒಂದು ಪೆನ್ನಿಯನ್ನೂ ಕೊಡಲಿಲ್ಲ.